ಸುಮಿಯ ಬಾಯಿಗೆ ಸಕ್ಕರೆ

2006ನೇ ಇಸವಿ, ಮೇ ತಿಂಗಳ ಕೊನೆ. ನಾವು ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದು ಎರಡನೇ ವರ್ಷ ನಡೆಯುತ್ತಿತ್ತು. ನಮ್ಮ ಯಜಮಾನರು ಯೂನಿವರ್ಸಿಟಿಯ ಲ್ಯಾಬಿನಲ್ಲಿದ್ದರು. ನಾನು ಮಗಳನ್ನು ಡಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಬಿಟ್ಟು, ಹೊಸದಾಗಿ ಬಂದವರಿಗೆ ಕಲಿಸುವ ಸ್ವೀಡಿಷ್ ಕ್ಲಾಸಿಗೆ ಹೋಗುತ್ತಿದ್ದೆ. ಭಾಷೆಯೇನೋ ತಲೆಗೆ ಹತ್ತಲಿಲ್ಲ, ಆದರೆ ಅಲ್ಲಿ ನನಗೆ ಸುಮಿ ಸಿಕ್ಕಳು.

ಸುಮಿ ಇಂಡೋನೇಷ್ಯಾದ ಜಾವಾ ದ್ವೀಪದವಳು. ಇಲ್ಲಿಯ ಲಾರಿ ಡ್ರೈವರ್ ಒಬ್ಬನನ್ನು ಮದುವೆಯಾಗಿ ಬಂದು, ನಮ್ಮ ಎದುರು ಬಿಲ್ಡಿಂಗಿನಲ್ಲೇ ಇದ್ದಳು. ಗಂಡ ವಾರಗಟ್ಟಲೆ ಉತ್ತರದ ಕಡೆ ಹೋಗಿಬಿಡುತ್ತಿದ್ದ. ನನಗೂ ಮಾತಿಗೆ ಯಾರೂ ಇರಲಿಲ್ಲ. ಅರ್ಧ ಸ್ವೀಡಿಷ್, ಅರ್ಧ ಇಂಗ್ಲಿಷ್, ಉಳಿದದ್ದು ಕೈಸನ್ನೆ. ಹಾಗೇ ನಮ್ಮ ಸ್ನೇಹ ಬೆಳೆಯಿತು. ನಾನೇ ಹೇಳಿಕೊಟ್ಟು ನನ್ನನ್ನು ಅಕ್ಕ ಅಂತ ಕರೆಸಿಕೊಳ್ಳುತ್ತಿದ್ದೆ.

ಅವಳದು ಯೋಗ್ಯಕರ್ತ ನಗರದ ದಕ್ಷಿಣಕ್ಕೆ ಒಂದು ಪುಟ್ಟ ಹಳ್ಳಿ. ಸುತ್ತ ಭತ್ತದ ಗದ್ದೆ, ಅಲ್ಲಲ್ಲಿ ಕಬ್ಬು, ಮನೆಗಳ ಹಿಂದೆ ಬಿದಿರ ಮೆಳೆ. ಸುಗ್ಗಿ ಮುಗಿದ ಮೇಲೆ ಅದೇ ಗದ್ದೆಯ ಮಣ್ಣಿನಲ್ಲಿ ಇಟ್ಟಿಗೆ ಕೊಯ್ದು ಸುಡುತ್ತಾರಂತೆ. ನಾನು ಗಂಗಾವತಿ ಕಡೆಯವಳು, ಗದ್ದೆ ನೋಡಿಕೊಂಡೇ ಬೆಳೆದವಳು. ನಾಟಿ ಹಚ್ಚುವ ದಿನ ಕೆಸರಿನಲ್ಲಿ ನಿಂತು ಸೊಂಟ ಬಿದ್ದುಹೋಗುವ ಮಾತು ಬಂದರೆ ಇಬ್ಬರಿಗೂ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. "ಸಾಲಿನಲ್ಲಿ ನಮ್ಮವ್ವನೇ ಮುಂದೆ ಇರ್ತಾಳೆ, ಹುಡುಗೀರೆಲ್ಲ ಹಿಂದೆ" ಅಂತ ಸುಮಿ ನಗುತ್ತಿದ್ದಳು.

ಅವಳ ಪರ್ಸಿನಲ್ಲಿ ಒಂದು ಫೋಟೋ ಇತ್ತು. ಇಟ್ಟಿಗೆ ಗೋಡೆ, ಹೆಂಚಿನ ಮಾಡು, ತಿಳಿಹಸಿರು ಬಣ್ಣ. ಮುಂದೆ ಅವಳ ತಾಯಿ ಅಟೆನ್ಷನ್‌ನಲ್ಲಿ ನಿಂತಿದ್ದರು. ಸುಮಿ ಇಲ್ಲಿ ಹೋಟೆಲ್ ರೂಮುಗಳನ್ನು ಗುಡಿಸಿ ಒರೆಸಿ ಕೂಡಿಟ್ಟಿದ್ದರಲ್ಲಿ ಕಟ್ಟಿಸಿದ ಮನೆ ಅದು. ಮೊದಲಿದ್ದದ್ದು ಬಿದಿರು ತಟ್ಟಿಯ ಗೋಡೆಯದು. ಈಗ ಅದರಲ್ಲಿ ಆಡು ಕಟ್ಟುತ್ತಾರೆ ಅಂದಿದ್ದಳು. ಕ್ಲಾಸಿನಲ್ಲಿ ಆ ಫೋಟೋ ನೋಡದವರೇ ಇರಲಿಲ್ಲ.

ಆ ತಿಂಗಳೆಲ್ಲ ಅವರ ಕಡೆಯ ಬೆಂಕಿಬೆಟ್ಟ ಹೊಗೆ ಉಗುಳುತ್ತಿದೆ ಅಂತ ಟಿವಿಯಲ್ಲಿ ಬರುತ್ತಿತ್ತು. ನಾನು ಗಾಬರಿಯಾಗಿ ಕೇಳಿದರೆ, "ಅದು ಉತ್ತರಕ್ಕೆ ಅಕ್ಕ, ನಮ್ಮೂರಿಗೆ ಬೂದಿನೂ ಬರಲ್ಲ" ಅನ್ನುತ್ತಿದ್ದಳು. ಎಲ್ಲರೂ ಬೆಟ್ಟದ ಕಡೆ ನೋಡುತ್ತಾ ಕೂತಿದ್ದರು. ಆ ಶನಿವಾರ ಬೆಳಗಿನ ಜಾವ ಅಲ್ಲಿ ನೆಲವೇ ನಡುಗಿತು.

ನಮಗೆ ಇಲ್ಲಿ ಗೊತ್ತಾಗಿದ್ದು ಬೆಳಗ್ಗೆ ಎದ್ದ ಮೇಲೆ. ಸುಮಿ ಫೋನ್ ಮಾಡಿ, "ಅಕ್ಕ, ಟಿವಿ ಹಾಕಿ" ಅಂದಳು. ಅಷ್ಟೇ. ಹಾಕಿದರೆ ಎಲ್ಲಿ ನೋಡಿದರೂ ಕುಸಿದ ಗೋಡೆ, ಹೆಂಚಿನ ರಾಶಿ. ನಾನು ನೈಟಿಯ ಮೇಲೇ ಕೋಟು ಹಾಕಿಕೊಂಡು ಓಡಿದೆ. ಅವಳು ಸೋಫಾದ ತುದಿಯಲ್ಲಿ ಕೂತು ಊರಲ್ಲಿದ್ದ ತಮ್ಮನ ಮೊಬೈಲಿಗೆ ಒತ್ತುತ್ತಲೇ ಇದ್ದಳು. ಪ್ರತಿ ಸಲವೂ ಅದೇ ರೆಕಾರ್ಡ್ ಮಾಡಿದ ಹೆಂಗಸಿನ ದನಿ. ಗಂಡ ದಾರಿಯಲ್ಲಿದ್ದ, ಬರುವುದು ಸೋಮವಾರ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಏನೂ ಆಗಿರಲ್ಲ ಸುಮಿ, ನೀನು ಗಟ್ಟಿಮುಟ್ಟಾದ ಮನೆ ಕಟ್ಟಿಸಿ ಕೊಟ್ಟಿದ್ದೀಯಲ್ಲ. ಅವ್ವನಿಗೆ ಏನಾಗುತ್ತೆ?" ಅಂದೆ. ಒಂದು ಸಲವಲ್ಲ, ಆ ದಿನವೆಲ್ಲ ಅದನ್ನೇ ಹೇಳಿದೆ. ಅವಳು ಹೂಂ ಅನ್ನುತ್ತಿದ್ದಳು. ಅನ್ನ ಸಾರು ಒಯ್ದು ಕೊಟ್ಟರೆ ಎರಡು ತುತ್ತು ತಿಂದು ಪಕ್ಕಕ್ಕಿಟ್ಟಳು. ಮನೆಗೆ ಬಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿ, "ನನ್ನಪ್ಪಾ, ಆ ಮುದುಕಿಯನ್ನು ಉಳಿಸು" ಅಂತ ಬೇಡಿಕೊಂಡೆ.

ಮಾರನೇ ದಿನ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಸುಮಿ! ನೀಟಾಗಿ ತಲೆ ಬಾಚಿದ್ದಳು, ಒಳ್ಳೆ ಬಟ್ಟೆ ಹಾಕಿದ್ದಳು, ಮುಖದ ತುಂಬಾ ನಗು.

"ಫೋನ್ ಸಿಕ್ತು ಅಕ್ಕ. ತಮ್ಮ ಮಾತಾಡಿದ" ಅಂದಳು.

"ಅಯ್ಯೋ ನನ್ನವ್ವಾ!" ಅಂತ ನಾನು ಕೂಗಿದ್ದಕ್ಕೆ ಒಳಗಿದ್ದ ಯಜಮಾನರು ಓಡಿ ಬಂದರು. ಅವಳನ್ನು ತಬ್ಬಿಕೊಂಡೆ, ಅಡುಗೆಮನೆಗೆ ಎಳೆದುಕೊಂಡು ಹೋದೆ. ಒಳ್ಳೆ ಸುದ್ದಿ ತಂದವರನ್ನು ನಮ್ಮ ಮನೆಗಳಲ್ಲಿ ಬರಿಬಾಯಲ್ಲಿ ನಿಲ್ಲಿಸುತ್ತೇವೆಯೇ? ಡಬ್ಬಿ ತೆಗೆದು ಒಂದು ಚಮಚ ಸಕ್ಕರೆ ಅವಳ ಬಾಯಿಗೆ ಹಾಕಿದೆ. ಅವಳು ಬೇಡ ಅನ್ನಲಿಲ್ಲ. ಬಾಯಿ ತೆರೆದಳು, ನುಂಗಿದಳು. ನಗು ಹಾಗೇ ಇತ್ತು.

"ಅವ್ವ ಹೇಗಿದ್ದಾರಂತೆ? ನೀನು ಮಾತಾಡಿದ್ಯಾ?"

"ಅವ್ವ ಇಲ್ಲ ಅಕ್ಕ. ನಿನ್ನೆ ಸಂಜೆನೇ ಮಣ್ಣು ಮಾಡಿದ್ರು."

ನಗುತ್ತಲೇ ಹೇಳಿದಳು. ಇವಳಿಗೇನು ತಲೆ ಕೆಟ್ಟಿದೆಯಾ ಅಂತ ಒಂದು ಕ್ಷಣ ನನಗೆ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳ ಕೈ ಹಿಡಿದೆ ನೋಡಿ, ಐಸಿನ ಹಾಗೆ ತಣ್ಣಗಿತ್ತು. ಚಮಚ ಇನ್ನೂ ನನ್ನ ಕೈಯಲ್ಲೇ ಇತ್ತು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಯಜಮಾನರು ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಅವಳು ಯಾರದೋ ಮನೆಯ ವಿಷಯ ಹೇಳುವ ಹಾಗೆ ಹೇಳುತ್ತಾ ಹೋದಳು. ಅವ್ವ ಬೆಳಗಿನ ಜಾವ ನಮಾಜು ಮುಗಿಸಿ ಒಲೆ ಹಚ್ಚಲು ಕೂತಿದ್ದರಂತೆ. ಇಟ್ಟಿಗೆ ಗೋಡೆ ಒಳಕ್ಕೆ ಬಿತ್ತು, ಮೇಲಿಂದ ಹೆಂಚು. ಆಡು ಕಟ್ಟುತ್ತಿದ್ದ ಬಿದಿರಿನ ಮನೆ ಒಂದಿಷ್ಟು ವಾಲಿದೆ, ಬಿದ್ದಿಲ್ಲ. ಆಡುಗಳು ಚೆನ್ನಾಗಿವೆ.

"ಅವ್ವ ಬೇಡ ಅಂದಿದ್ದಳು. ಬಿದಿರಿನ ಮನೇಲೇ ತಂಪಾಗಿರುತ್ತೆ ಅಂದಿದ್ದಳು. ನಾನೇ ಹಠ ಹಿಡಿದೆ" ಅಂದಳು.

ಹಿಂದಿನ ದಿನವೆಲ್ಲ ಗಟ್ಟಿ ಮನೆ, ಗಟ್ಟಿ ಮನೆ ಅಂತ ನಾನು ಆಡಿದ ಮಾತು ನನ್ನ ಎದೆಗೇ ಬಡಿಯಿತು. ಅಲ್ಲಿಗೆ ನನ್ನಿಂದ ತಡೆಯೋಕೆ ಆಗಲಿಲ್ಲ. ನಮ್ಮ ಕಡೆ ಹೆಂಗಸರು ಹಾಡಾಡಿಕೊಂಡು ಅಳುತ್ತಾರೆ. ನಾನೂ ಹಾಗೇ, ಕನ್ನಡದಲ್ಲೇ, ಅಡುಗೆಮನೆಯ ನೆಲದ ಮೇಲೆ ಕೂತು ಗೋಳೋ ಅಂತ ಅತ್ತೆ. ಮಗಳು ಹೆದರಿ ಬಾಗಿಲಲ್ಲಿ ನಿಂತಳು. ಯಜಮಾನರು, "ಏ, ಸುಮ್ಮನಿರೇ, ಅಕ್ಕಪಕ್ಕದವರು ಏನಂದ್ಕೋತಾರೆ? ಪಾಪ, ಅವಳೇ ಅಳ್ತಿಲ್ಲ" ಅಂದರು.

ಸುಮಿ ಅವರಿಗೆ ಬೇಡ ಅಂತ ಕೈ ಅಡ್ಡ ಮಾಡಿದಳು. ಬಂದು ನನ್ನ ಪಕ್ಕ ನೆಲದ ಮೇಲೆ ಕೂತು ನನ್ನ ಬೆನ್ನು ಸವರಿದಳು. "ನಮ್ಮಲ್ಲಿ ಹಾಗೆ ಅಳಬಾರದು ಅಕ್ಕ. ಸತ್ತವರಿಗೆ ದಾರಿ ಭಾರ ಆಗುತ್ತಂತೆ. ಇನ್ನೊಬ್ಬರ ಮನೆಗೆ ಅಳುಮುಖ ತಗೊಂಡು ಹೋಗಬಾರದು. ಚಿಕ್ಕಂದಿನಿಂದ ಹಾಗೇ ಕಲಿಸಿದ್ದಾರೆ, ಈಗ ಅಳೋಣ ಅಂದ್ರೂ ಬರ್ತಿಲ್ಲ."

ನನ್ನ ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ನಿಮಗೆ ಹೇಳಿದ್ರೆ ನೀವು ಜೋರಾಗಿ ಅಳ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಬಂದೆ. ನೀವು ಅಳಿ, ನಾನು ಕೂತಿರ್ತೀನಿ."

ನಾನು ಅತ್ತೆ. ಒಮ್ಮೆಯೂ ನೋಡದ ಆ ತಾಯಿಗಾಗಿ, ಹೊಟ್ಟೆಯಲ್ಲಿ ಹುಟ್ಟಿದವಳ ಹಾಗೆ ಅತ್ತೆ. ಸುಮಿ ಕಣ್ಣು ಮುಚ್ಚಿಕೊಂಡು ಪ್ರತಿ ಮಾತನ್ನೂ ಕೇಳಿಸಿಕೊಂಡಳು, ಒಂದಕ್ಷರ ಅರ್ಥವಾಗದಿದ್ದರೂ. ನಾನು ನಿಲ್ಲಿಸಿದಾಗ ಎದ್ದು, ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆದಿಟ್ಟು ಮನೆಗೆ ಹೋದಳು.

ಜೂನ್‌ನಲ್ಲಿ ಊರಿಗೆ ಹೋಗಿ ಬಂದಳು. ತಮ್ಮ ಮತ್ತೆ ಬಿದಿರಿನ ಮನೆಗೇ ಹೋಗಿದ್ದಾನೆ ಅಂದಳು, ಅದರ ಮೇಲೆ ಆ ಮಾತು ಎತ್ತಲಿಲ್ಲ. ಮರುವರ್ಷ ಗಂಡನ ಜೊತೆ ಉತ್ತರದ ಊರಿಗೆ ಹೊರಟುಹೋದಳು. ಕೊಟ್ಟಿದ್ದ ನಂಬರು ಕೆಲವು ದಿನ ಹತ್ತಿತು, ಆಮೇಲೆ ಹತ್ತಲಿಲ್ಲ.

2009ರಲ್ಲಿ ನಮ್ಮವ್ವ ಗಂಗಾವತಿಯಲ್ಲಿ ತೀರಿಹೋದಳು. ನನಗೆ ಟಿಕೆಟ್ ಸಿಗುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಸ್ಟಾಕ್‌ಹೋಮಿನ ಕನ್ನಡದವರು ಫೋನ್ ಮಾಡಿದರು, ಪಕ್ಕದ ಮನೆಯ ಸ್ವೀಡಿಷ್ ಅಜ್ಜಿ ಹೂವು ತಂದುಕೊಟ್ಟರು. ಎಲ್ಲರಿಗೂ ನಾನು, "ಹೌದು, ವಯಸ್ಸಾಗಿತ್ತು, ನರಳಲಿಲ್ಲ, ಬನ್ನಿ ಕಾಫಿ ಕುಡೀರಿ" ಅಂತ ನಗುಮುಖದಲ್ಲೇ ಹೇಳಿದೆ. ಅಷ್ಟು ಬಾಯಿಬಡುಕಿಯಾದ ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಎಲ್ಲರೂ ಹೋದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಯಾರ ಮನೆಯ ಬೆಲ್ ಒತ್ತಬೇಕು ಅಂತ ಗೊತ್ತಾಗಲಿಲ್ಲ. ಸುಮಿ ಇದ್ದ ಎದುರು ಬಿಲ್ಡಿಂಗಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದೆ. ನಮ್ಮವ್ವನಿಗಾಗಿ ಇಲ್ಲಿ ಯಾರೂ ಅಳಲಿಲ್ಲ.