ಅಮರೇಶನ ರೊಟ್ಟಿಗೆ ಬೆರೆಸಿದ ನುಚ್ಚು

ನಿನ್ನ ಗಂಡ ಕದ್ದು ತಿನ್ನುತ್ತಿರಲಿಲ್ಲ, ನೀಲಮ್ಮ. ಅವನ ಜೋಳದ ರೊಟ್ಟಿಗೆ ಅಕ್ಕಿ ನುಚ್ಚು ಬೆರೆಸುತ್ತಿದ್ದವಳು ನಾನು — ಮಿಲ್ಲಿನ ಮೆಸ್ಸಿನಲ್ಲಿ ಅಡುಗೆ ಮಾಡುವ ಹುಸೇನಬಿ. ನೀನು ಬಂದು ಕೇಳಿದಾಗ ನಿನ್ನ ಮುಖ ನೋಡಿಯೇ ಸುಳ್ಳು ಹೇಳಿದೆ. ಆರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯ ಚಹಾ ಕುಡಿದಿದ್ದೇನೆ. ಅಮರೇಶನ ಮಣ್ಣಿಗೆ ಬಂದು ಅತ್ತಿದ್ದೇನೆ. ಅತ್ತಿದ್ದು ಸುಳ್ಳಲ್ಲ. ಆದರೆ ಅಳುವುದು ಸುಲಭ, ಬಾಯಿ ಬಿಡುವುದು —

ಮೊದಲಿನಿಂದ ಹೇಳುತ್ತೇನೆ. ನಮ್ಮ ಅಕ್ಕಿ ಮಿಲ್ಲು ಸಿಂಧನೂರಿನ ಹೊರಗೆ, ಕಾಲುವೆಯ ಮಗ್ಗುಲಿಗೆ ಇರುವುದು ನಿನಗೆ ಗೊತ್ತು. ಅಲ್ಲಿನ ಬದುಕು ಮಾತ್ರ ನಿನಗೆ ಅಷ್ಟು ಗೊತ್ತಿರಲಿಕ್ಕಿಲ್ಲ. ಮೂರು ಪಾಳಿ, ವಾರಕ್ಕೊಮ್ಮೆ ಬದಲು. ಈ ವಾರ ಉಣ್ಣುವ ಹೊತ್ತಿಗೆ ಮುಂದಿನ ವಾರ ನಿದ್ದೆ. ಪಾಳಿ ಬಿಟ್ಟವರು ಗೇಟಿನ ಮುಂದಿನ ಬಂಡಿಯಲ್ಲಿ ನಾಲ್ಕು ಮಿರ್ಚಿ ಬಜ್ಜಿ ತಿಂದು, ಪಾಕದಂಥ ಚಹಾ ಎರಡು ಕಪ್ಪು ಕುಡಿದು, ಹೋಗಿ ಬಿದ್ದುಕೊಳ್ಳುತ್ತಿದ್ದರು. ನಾನು ಬಡಿಸುವ ಅನ್ನವೂ ಗುಡ್ಡದಷ್ಟು. ಅಕ್ಕಿ ಮಿಲ್ಲಿನಲ್ಲಿ ಅನ್ನಕ್ಕೇನು ಬರ? ಬಾಯ್ಲರ್ ನೋಡುತ್ತಿದ್ದ ಅಮರೇಶನೂ ಹಾಗೆಯೇ ಉಂಡವನು. ಲಿಂಗಸುಗೂರಿನ ಡಾಕ್ಟರು ರಕ್ತ ನೋಡಿ ಶುಗರ್ ಬಂದಿದೆ ಎಂದರಲ್ಲ, ಅಲ್ಲಿಯವರೆಗೆ.

ಆ ವಾರವೇ ನೀನು ಮಸ್ಕಿಯಿಂದ ಬಸ್ಸು ಹತ್ತಿ ಬಂದೆ. ಸೊಂಟದ ಮೇಲೆ ಜೋಳದ ಚೀಲ. ಮೆಸ್ಸಿನ ಬಾಗಿಲಲ್ಲಿ ಅದನ್ನು ಇಳಿಸಿ ನನ್ನ ಕೈ ಹಿಡಿದುಕೊಂಡೆ.

"ಅಕ್ಕಾ, ಇದು ಗುರುಗುಂಟಾದಾಗಿನ ನಮ್ಮ ಮೈದುನನ ಹೊಲದ ಜ್ವಾಳ. ದಿನಾ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಹಾಕು. ಅನ್ನದ ಕಡೆ ಬಿಡಬ್ಯಾಡ. ಪಾಳಿ ಅಂತ ನಾ ಹೊತ್ತಿಗೆ ಸರಿಯಾಗಿ ಮಾಡಿ ಕೊಡಾಕ ಆಗಂಗಿಲ್ಲ. ಅವರ ಜೀವ ನಿನ್ನ ಕೈಯಾಗ ಐತಿ."

"ನೀ ಬೇಫಿಕರ್ ಇರು," ಎಂದೆ. ಎಷ್ಟು ಸಲೀಸಾಗಿ ಅಂದೆ.

ಮೊದಲ ಎರಡು ತಿಂಗಳು ಮಾತು ಉಳಿಸಿಕೊಂಡೆ. ಅಮರೇಶ ಹಟವಾದಿ, ನಿನಗೇ ಗೊತ್ತಲ್ಲ. ಬಂಡಿಯ ಕಡೆ ತಿರುಗಿ ನೋಡುವುದನ್ನೂ ಬಿಟ್ಟ. ಯಾವ ಪಾಳಿ ಇರಲಿ, ಮುಗಿದ ಮೇಲೆ ಅರ್ಧ ತಾಸು ಕಾಲುವೆ ದಂಡೆಯ ಮೇಲೆ ನಡೆದು ಬಂದೇ ಬಸ್ಸು ಹತ್ತುತ್ತಿದ್ದ. ಹಮಾಲರು ಕಾಡುತ್ತಿದ್ದರು — "ಏನೋ ಅಮರೇಶಣ್ಣ, ಕಾಲುವಿ ಅಳತಿ ಮುಗೀತೇನು? ಸರ್ಕಾರದವರು ಕೇಳಾಕತ್ತಾರ." ಅವನು ನಗುತ್ತಿದ್ದ. ಕಾಡಿದವರಲ್ಲೇ ಮೂವರು ಆಮೇಲೆ ಅವನ ಜೊತೆ ಹೆಜ್ಜೆ ಹಾಕಿದರು. ಶುಗರ್ ಇಳಿಯಿತು. ನೀನು ನನಗೆ ರೊಟ್ಟಿಗೆ ನಂಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ ಕಳಿಸಿದೆ. ನಾನು ತಿಂದೆ.

ಅವನನ್ನು ನೋಡಿ ಉಳಿದವರೂ ರೊಟ್ಟಿ ಕೇಳತೊಡಗಿದರು. ಎರಡು ರೊಟ್ಟಿ ಬಡಿಯುತ್ತಿದ್ದ ಕೈ ನಲವತ್ತು ಬಡಿಯಬೇಕಾಯಿತು. ಮೆಸ್ಸಿಗೆ ತರಿಸಿದ್ದು ಹಳೆಯ ಜೋಳ, ಹಿಟ್ಟಿಗೆ ಜಿಗಿ ಇರಲಿಲ್ಲ, ಬಡಿದರೆ ಅಂಚು ಒಡೆಯುತ್ತಿತ್ತು, ತಾಸು ಕಳೆದರೆ ಹಪ್ಪಳದಂತೆ ಸೆಟೆದು ನಿಲ್ಲುತ್ತಿತ್ತು. "ಹುಸೇನಕ್ಕಾ, ಇದು ರೊಟ್ಟಿಯೋ ತಗಡೋ?" ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ಅದು ನನಗೆ ನಾಟಿತು. ಹದಿನಾಲ್ಕು ವರ್ಷ ಸೌಟು ಹಿಡಿದವಳ ಸೊಕ್ಕು ಸಣ್ಣದಲ್ಲ, ನೀಲಮ್ಮ.

ಗಿರಣಿಗೆ ಹೋಗುವಾಗ ಜೋಳಕ್ಕೆ ಒಂದು ಹಿಡಿ ಅಕ್ಕಿ ಸೇರಿಸುವುದು ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ರೊಟ್ಟಿ ಬೆಳ್ಳಗೆ, ಮೆತ್ತಗೆ ಬರುತ್ತದೆ. ಬೀಗರು ಬಂದರೆ ನೀನೂ ಮಾಡಿರುತ್ತೀಯ. ನಾನೂ ಒಂದು ಹಿಡಿಯಿಂದಲೇ ಶುರು ಮಾಡಿದೆ. ಮಿಲ್ಲಿನ ನುಚ್ಚು ಮೆಸ್ಸಿಗೆ ಬೇಕಾದಷ್ಟು ಬರುತ್ತಿತ್ತು. ಹಿಡಿ ಬೊಗಸೆಯಾಯಿತು, ಬೊಗಸೆ ಕಾಲು ಪಾಲಾಯಿತು, ಕೊನೆಗೆ — ಅರ್ಧಕ್ಕರ್ಧ. ಅವನಿಗೆಂದು ಬೇರೆ ಬೀಸಿಸಬೇಕಿತ್ತು. ಬೇರೆ ನಾದಬೇಕಿತ್ತು. ಬೇಸರ ಬಂತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಹುಡುಕಿದ್ದೇನೆ, ಸಿಕ್ಕಿಲ್ಲ.

ರೊಟ್ಟಿ ಹತ್ತಿಯಂತಾಯಿತು. ಮಿಲ್ಲಿನವರೆಲ್ಲ ಹೊಗಳಿದರು. ಅಮರೇಶನೂ ಹೊಗಳಿದ. "ಅಕ್ಕಾ, ಈಗೀಗ ನಿನ್ನ ಕೈ ಕುದುರೇತಿ ನೋಡು," ಎಂದು ಎರಡು ತಿನ್ನುತ್ತಿದ್ದವನು ನಾಲ್ಕು ತಿಂದ. ಜೋಳದ್ದಲ್ಲವೇ, ತಿಂದರೇನು ಎಂದು ಅವನ ನಂಬಿಕೆ. ನಾನೇ ಇನ್ನೊಂದು ಹಾಕುತ್ತಿದ್ದೆ.

ಶುಗರ್ ಏರಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಮತ್ತೆ ಏರಿತು. "ಬಾಯಿ ಕಟ್ಟದಿದ್ದರೆ ನಾನೇನು ಮಾಡಲಿ" ಎಂದು ನಿನ್ನ ಎದುರೇ ಅವನನ್ನು ಬೈದರಂತೆ. ಆ ದಿನದಿಂದ ನೀನು ಅವನ ಅಂಗಿಯ ಕಿಸೆ ನೋಡತೊಡಗಿದೆ. ಮನೆಗೆ ಬಂದರೆ ಬೆರಳು ಮೂಸಿ ನೋಡುತ್ತಿದ್ದೆಯಂತೆ, ಎಣ್ಣೆಯ ವಾಸನೆಗೆ. ಅವನೇ ಹೇಳಿದ್ದು — ನಗುತ್ತಲೇ ಹೇಳಿದ್ದ, ಆದರೆ ತಾಟಿನ ಮೇಲಿಂದ ಕಣ್ಣು ಎತ್ತಲಿಲ್ಲ.

ಆಮೇಲೆ ನೀವಿಬ್ಬರೂ ಮೆಸ್ಸಿಗೆ ಬಂದಿರಿ. ಮಟಮಟ ಮಧ್ಯಾಹ್ನ. ಒಲೆಯ ಮೇಲೆ ಹಂಚು ಕಾದಿತ್ತು. ನೀನು ಕೇಳಿದೆ:

"ಅಕ್ಕಾ, ಅಲ್ಲಾನ ಮ್ಯಾಲೆ ಆಣಿ ಮಾಡಿ ಹೇಳು. ಬರೀ ಜ್ವಾಳದ್ದ ಹಾಕಾಕತ್ತೀ ಹೌದಿಲ್ಲೋ?"

ಅಮರೇಶ ನನ್ನನ್ನು ನೋಡಿದ. ಅವನಿಗೆ ಸಂಶಯವೇನೂ ಇರಲಿಲ್ಲ. ತನ್ನ ಪರವಾಗಿ ಸಾಕ್ಷಿ ಹೇಳುವವಳು ಸಿಕ್ಕಳು ಎಂಬ ಧೈರ್ಯ ಅವನ ಮುಖದಲ್ಲಿತ್ತು.

"ಬರೀ ಜ್ವಾಳದ್ದವ್ವ," ಎಂದೆ. "ನನ್ನ ಕೈಲೆ ಬ್ಯಾರೆ ಏನೂ ಹಾಕಿಲ್ಲ. ಹೊರಗ ಏನ್ ತಿಂತಾನೋ ನನಗೇನ್ ಗೊತ್ತು."

ಆ ಕೊನೆಯ ಮಾತು ಬೇಕಿರಲಿಲ್ಲ. ಅದನ್ನು ಯಾಕೆ ಅಂದೆ — ನನ್ನ ತಪ್ಪು ಮುಚ್ಚಲು ಮೊದಲಿನದೇ ಸಾಕಿತ್ತಲ್ಲ. ನೀನು ಅವನ ಕಡೆ ತಿರುಗಿದೆ. ಅವನನ್ನು ಬಿಟ್ಟು ನೀನೊಬ್ಬಳೇ ಹೊರಗೆ ನಡೆದುಬಿಟ್ಟೆ.

ಮರುದಿನದಿಂದ ಸರಿ ಮಾಡಬಹುದಿತ್ತು. ಒಂದು ವಾರ ಮಾಡಿದೆ ಕೂಡ. ಬರೀ ಜೋಳದ್ದೇ ಬಡಿದೆ. ಆಮೇಲೆ ಹೆದರಿದೆ. ಈಗ ಶುಗರ್ ಇಳಿದರೆ ಮೊದಲು ಏರಿದ್ದು ಯಾಕೆಂದು ಎಲ್ಲರಿಗೂ ತಿಳಿಯುತ್ತದೆ, ಅಲ್ಲವೇ? ಮತ್ತೆ ನುಚ್ಚು ಬೆರೆಸಿದೆ. ಬೇಸರಕ್ಕೆ ಮಾಡಿದ್ದನ್ನು ನೀನು ಕ್ಷಮಿಸಬಹುದೇನೋ. ಇದು ಬೇಸರಕ್ಕೆ ಮಾಡಿದ್ದಲ್ಲ. ನನ್ನ ಮಾನಕ್ಕಾಗಿ, ತಿಳಿದೂ ತಿಳಿದೂ ಅವನ ತಾಟಿಗೆ ಹಾಕಿದ್ದು.

ಅವನಿಗೆ ಉಳಿದಿದ್ದು ನಡಿಗೆಯೊಂದೇ. ಅರ್ಧ ತಾಸು ಒಂದೂವರೆ ತಾಸಾಯಿತು. ಪಲ್ಯ, ಮಜ್ಜಿಗೆ ಬಿಟ್ಟ, ಚಹಾ ಪೂರ್ತಿ ಬಿಟ್ಟ, ಬರೀ ರೊಟ್ಟಿ ಮೇಲೆ ಇದ್ದ. ಬಾಯ್ಲರ್ ಮುಂದೆ ಎಂಟು ತಾಸು ನಿಂತು ಬಂದ ಕಾಲುಗಳು. ಚಪ್ಪಲಿ ಕಚ್ಚಿ ಹೆಬ್ಬೆರಳಿನ ಬುಡದಲ್ಲಿ ಗಾಯವಾದರೂ, ಶುಗರಿಗೆ ಜೋಮು ಹಿಡಿದ ಪಾದ, ಅವನಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೂ ಮುಚ್ಚಿಟ್ಟ. ತೋರಿಸಿದರೆ ನೀನು ಮತ್ತೆ "ಏನ್ ತಿಂದಿ" ಅನ್ನುತ್ತೀಯ ಎಂದು. ಅರಿವೆ ಸುತ್ತಿಕೊಂಡು ನಡೆದ. ಬೆರಳು ಕಪ್ಪಾಯಿತು. ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ಮಿಲ್ಲಿನ ಕೆಲಸ ತಪ್ಪಿತು. ಎರಡು ವರ್ಷಕ್ಕೆ ಮೂತ್ರಪಿಂಡವೂ ಹೋಗಿ, ಅವನೇ ಹೋದ.

ಪಾದ ತೆಗೆದ ಮೇಲೆ ಒಮ್ಮೆ ಮಸ್ಕಿಗೆ ಬಂದಿದ್ದೆ. ಅವನು ಹೊರಸಿನ ಮೇಲೆ ಕೂತಿದ್ದ. ನೀನು ನನ್ನೆದುರೇ ಶುರು ಮಾಡಿದೆ: "ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ ಅಕ್ಕಾ, ಹಂಗ ಆತು. ಒಂದ್ ಸರ್ತಿ ಬಾಯಿ ಬಿಟ್ಟು ತಿಂದೀನಿ ಅನ್ನಾಕ ಏನ್ ಧಾಡಿ ಇವರಿಗೆ?" ಅವನು ಕಾಲಿನ ಮೇಲೆ ಹೊದಿಕೆ ಎಳೆದುಕೊಂಡ.

"ಹೌದು, ತಿಂದೀನಿ," ಎಂದ. "ಗೇಟಿನ ಮುಂದ ಮಿರ್ಚಿ ತಿಂದೀನಿ, ಚಾ ಕುಡದೀನಿ. ತಪ್ಪಾತು. ಇನ್ನರ ಬಿಡು."

ನೀನು ಒಳಗೆ ಹೋಗಿ ಅತ್ತೆ. ಗೋಡೆಯಾಚೆ ಕೇಳಿಸುತ್ತಿತ್ತು. ಆಗ ಅವನು ಮೆಲ್ಲಗೆ ಹೇಳಿದ: "ಖರೇ ತಿಂದಿಲ್ಲಕ್ಕ. ಆದ್ರ ಅಕಿ ಜೀವಕ್ಕ ಒಂದು ಕಾರಣ ಬೇಕಾಗೇತಿ. ದಿನಾ ಕೇಳಿ ಕೇಳಿ ಸಣ್ಣಾಗ್ಯಾಳ. ಇರ್ಲಿ, ನಾನ ತಿಂದೀನಿ ಅಂತ ತಿಳ್ಕೊಳ್ಲಿ." ಕಾರಣ ಅವನ ಎದುರು ಚಾಪೆಯ ಮೇಲೆ ಕೂತಿತ್ತು, ನೀಲಮ್ಮ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಈಚೆಗೆ ಒಬ್ಬ ನರ್ಸಮ್ಮ, ಜೋಳದ ರೊಟ್ಟಿಯೂ ಲೆಕ್ಕ ಮೀರಿದರೆ ಶುಗರ್ ಏರಿಸುತ್ತದೆ, ಪಾಳಿಯ ನಿದ್ದೆಗೇಡೂ ಏರಿಸುತ್ತದೆ ಎಂದಳು. ನಾಲ್ಕು ದಿನ ಆ ಮಾತನ್ನು ತಲೆದಿಂಬಿನಡಿ ಇಟ್ಟುಕೊಂಡು ಚೆನ್ನಾಗಿ ನಿದ್ದೆ ಮಾಡಿದೆ. ಅವಳು ಹೇಳಿದ್ದು ನಿಜವೇ ಇರಬಹುದು. ಅವನ ಪಾದ ಹೋದದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಯಾವ ಡಾಕ್ಟರೂ ಹೇಳಲಾರ. ಅವನು ಸುಳ್ಳುಗಾರನಾಗಿ ಸತ್ತದ್ದು ಮಾತ್ರ ಪೂರ್ತಿ ನನ್ನದೇ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಹೋದ ತಿಂಗಳು ಮಿಲ್ಲಿನಲ್ಲಿ ನಡೆದ ಆರೋಗ್ಯ ತಪಾಸಣೆಯೇ ಕಾರಣ. ಮಿಲ್ಲಿನವರ ಹೆಂಡಂದಿರಿಗೆ ನಾಲ್ಕು ಮಾತು ಹೇಳಲಿ ಎಂದು ನಿನ್ನನ್ನು ಕರೆಸಿದ್ದರು. ನೀನು ಎದ್ದು ನಿಂತು, "ನನ್ನ ಗಂಡ ಬಾಯಿ ಚಟಕ್ಕ ಸತ್ತ. ನನ್ನ ಮುಂದ ರೊಟ್ಟಿ, ಹಿಂದ ಮಿರ್ಚಿ. ಗಂಡಸರ ಮಾತು ನಂಬಬ್ಯಾಡ್ರವ್ವ," ಎಂದೆ. ನಾನು ಹಿಂದೆ ಎಲ್ಲರಿಗೂ ಚಹಾ ಸೋಸುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ, ಮದುವೆಯಾಗಿ ವರ್ಷವೂ ಆಗದ ಒಂದು ಹುಡುಗಿ ತಿರುಗಿ ಬಾಗಿಲಲ್ಲಿ ನಿಂತ ತನ್ನ ಗಂಡನನ್ನು ನೋಡಿದಳು. ಆ ನೋಟ ನನಗೆ ಗುರುತಿತ್ತು. ಮೆಸ್ಸಿನಲ್ಲಿ ನೀನು ಅಮರೇಶನನ್ನು ನೋಡಿದ್ದು ಹಾಗೆಯೇ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶುಕ್ರವಾರ ನನಗೆ ರಜೆ. ಮಸ್ಕಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ಒಳಗೆ ಕರೆಯಬೇಡ. ನೀನು ಓದಿ ಮುಗಿಸುವವರೆಗೂ ಹೊರಗೆ ಬಿಸಿಲಲ್ಲೇ ನಿಂತಿರುತ್ತೇನೆ. ಆಮೇಲೆ ನೀನು ಯಾರನ್ನು ಕರೆಯುತ್ತೀಯೋ ಕರೆ, ಅವರೆಲ್ಲರ ಎದುರು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ.