ಹದಿನೆಂಟು ತುಂಬುವವರೆಗೆ

ಟಾಂಗಾದಿಂದ ಬಿದ್ದ ಮೇಲೆ ಅಪ್ಪನ ಬಲ ಮೊಣಕಾಲು ಮಡಚದಂತಾಯಿತು. ಅಪ್ಪ ಲಕ್ಷ್ಮೇಶ್ವರದಲ್ಲಿ ಡಾಕ್ಟರು. ಹಳ್ಳಿಗಳಿಂದ ಕರೆ ಬಂದರೆ ಹೋಗಲೇಬೇಕು. ಮನೆ ಮುಂದೆ ಹಳೆಯ ಮೋಟಾರು ನಿಂತಿತ್ತು, ಬ್ರೇಕು ಒತ್ತುವ ಕಾಲೇ ಇರಲಿಲ್ಲ. ಅವ್ವ ನಾನು ತೀರ ಸಣ್ಣವಳಿದ್ದಾಗ ತೀರಿಹೋಗಿದ್ದಳು. ಅಣ್ಣ ತಮ್ಮಂದಿರು ಯಾರೂ ಇಲ್ಲ. ಹೀಗಾಗಿ ಹದಿನೈದನೆಯ ವಯಸ್ಸಿನಲ್ಲಿ ನಾನು ಸ್ಟೇರಿಂಗು ಹಿಡಿದೆ. ಬೆನ್ನ ಹಿಂದೆ ದಿಂಬು ಇಟ್ಟುಕೊಂಡರೆ ಮಾತ್ರ ಕಾಲು ಎಟುಕುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತು ಕಲಿಸಿದ.

ಆಗ ಲಕ್ಷ್ಮೇಶ್ವರದ್ದು ಒಂದು ಸಂಸ್ಥಾನ, ಶಿರಹಟ್ಟಿಯದು ಇನ್ನೊಂದು. ಅದನ್ನು ದಾಟಿ ಗದಗಿನ ಕಡೆ ಹೋದರೆ ಮುಂಬಯಿ ಸರಕಾರ. ಒಂದೇ ಕೆಂಪು ರಸ್ತೆಯಲ್ಲಿ ಮೂರು ಆಡಳಿತ ದಾಟುತ್ತಿದ್ದೆವು. ನಮ್ಮ ಕಡೆ ಯಾರೂ ವಯಸ್ಸು ಕೇಳುತ್ತಿರಲಿಲ್ಲ. ‘ಹೆಣ್ಣುಡುಗಿ ಮೋಟಾರ ಹೊಡಿತೈತಿ ನೋಡಲೇ’ ಎಂದು ಹೊಲದಲ್ಲಿದ್ದವರು ಎದ್ದು ನಿಂತು ನೋಡುತ್ತಿದ್ದರು, ಅಷ್ಟೆ. ನನ್ನ ಓರಗೆಯವರೆಲ್ಲ ಮದುವೆಯಾಗಿ ಬೇರೆ ಬೇರೆ ಊರು ಸೇರಿದ್ದರು. ಶಾಲೆ ಬಿಟ್ಟ ಮೇಲೆ ನನಗೆ ಮಾತಾಡಲು ಅಪ್ಪನೊಬ್ಬನೇ. ಅವನೋ ಮನೆಯಲ್ಲಿ ಮಾತಿನವನಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಸಪ್ಪಳ ಕೇಳಿಸುತ್ತಿತ್ತು.

ಗಾಡಿ ಊರು ದಾಟಿತೆಂದರೆ ಮಾತ್ರ ಬೇರೆ ಮನುಷ್ಯನಾಗುತ್ತಿದ್ದ. ಮುಖಕ್ಕೆ ಮುಖ ಕೊಡಬೇಕಿಲ್ಲದ್ದಕ್ಕೋ ಏನೋ, ರಸ್ತೆ ನೋಡುತ್ತ ಹೇಳುತ್ತ ಹೋಗುತ್ತಿದ್ದ. ಮೊದಲ ಸಲ ಹೆಣ ಕೊಯ್ದಾಗ ವಾಂತಿ ಮಾಡಿಕೊಂಡದ್ದು, ಮಿರಜಿನಲ್ಲಿ ಓದುವಾಗ ಹಸಿದದ್ದು, ಯಾವ ಊರಿನ ನೀರು ಕೆಟ್ಟದ್ದು, ಎಲ್ಲ. ಅವ್ವನ ಸುದ್ದಿಯೊಂದು ಬಿಟ್ಟು. ನಾನೂ ಕೇಳುತ್ತಿರಲಿಲ್ಲ.

ಸ್ವಾತಂತ್ರ್ಯ ಬಂತು. ಸ್ವಲ್ಪ ದಿನದಲ್ಲಿ ಸಂಸ್ಥಾನಗಳು ವಿಲೀನವಾದವು, ನಾವೂ ಮುಂಬಯಿಯವರಾದೆವು. ಹೊಸದಾಗಿ ಬಂದ ಪೊಲೀಸ್ ಫೌಜದಾರರು ಒಂದು ಮುಂಜಾನೆ ಅಪ್ಪನಿಗೆ ಕೆಮ್ಮು ತೋರಿಸಲು ಬಂದವರು ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ ನನ್ನನ್ನು ನೋಡಿ ನಕ್ಕರು.

“ಡಾಕ್ಟರ್ ಸಾಹೇಬ್ರ, ಇನ್ನ ಮುಂಬೈ ಕಾಯ್ದೆ ನಡಿತೈತ್ರಿ. ಹದಿನೆಂಟ ತುಂಬೂತನಕ ಗಾಡಿ ಹೊಡ್ಯಾಂಗಿಲ್ಲ. ತುಂಬಿದ ಮ್ಯಾಲೂ ಕಲಿಯೂ ಮುಂದ ಲೈಸನ್ಸ್ ಇದ್ದಾವ ಒಬ್ಬಾಂವ ಬಾಜೂಕ ಇರಬೇಕು. ಆಮ್ಯಾಲ ಪರೀಕ್ಷಾ. ಆದ್ರ ನಿಮ್ಮನ್ನ ಯಾರ ಕೇಳ್ತಾರ ಬಿಡ್ರಿ.”

ನನಗಾಗ ಹದಿನೇಳೂ ತುಂಬಿರಲಿಲ್ಲ. ಅಪ್ಪ ಅವರಿಗೆ ಔಷಧ ಕೊಟ್ಟು ಕಳಿಸಿದ. ಮತ್ತೆ ಕೆಲವು ವಾರ ಹಾಗೆಯೇ ನಡೆಯಿತು.

ಹತ್ತಿ ಬಿಡಿಸುವ ದಿನಗಳು. ಒಂದು ಮಧ್ಯಾಹ್ನ ಗದಗಿನಿಂದ ಬರುತ್ತಿದ್ದೆವು. ಶಿರಹಟ್ಟಿ ಇನ್ನೂ ದೂರವಿರುವಾಗ ಜನ ರಸ್ತೆಗೆ ಅಡ್ಡ ನಿಂತು ಕೈ ಬೀಸಿದರು. ತಿರುವಿನಲ್ಲಿ ಹತ್ತಿ ತುಂಬಿದ ಅಂಡಿಗೆಗಳ ಲಾರಿಯೊಂದು ಮಗ್ಗುಲಾಗಿ ಬಿದ್ದಿತ್ತು. ಹತ್ತಿ ಬಿಡಿಸಿ ಮನೆಗೆ ಹೊರಟಿದ್ದ ಅಸುಂಡಿಯ ಇಬ್ಬರು ಹೆಣ್ಣುಮಕ್ಕಳು ಮೇಲೆ ಕೂತಿದ್ದರಂತೆ. ಅಪ್ಪ ಕೋಲೂರುತ್ತ ಓಡಿದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಬ್ಬಾಕೆಯ ಮುಖಕ್ಕೆ ಅವಳ ಸೆರಗನ್ನೇ ಹೊದಿಸಿದ. ಇನ್ನೊಬ್ಬಾಕೆಯ ತೊಡೆಗೆ ನನ್ನಿಂದ ಬಿಗಿಯಾಗಿ ಬಟ್ಟೆ ಹಿಡಿಸಿದ.

ಲಾರಿ ಹೊಡೆದವನು ಬೇವಿನ ಗಿಡದ ಬುಡದಲ್ಲಿ ಕೂತಿದ್ದ. ಲಾರಿ ಮಾಲಕನ ಮಗ. ಮೀಸೆಯೂ ಮೂಡಿರಲಿಲ್ಲ. ನೀರು ಕೊಡಲು ಹೋದೆ. ಅವನು ಚೊಂಬು ಪಕ್ಕಕ್ಕಿಟ್ಟ.

“ಅಕ್ಕಾ, ಅವ್ರು ಎದ್ರೇನ?” ಎಂದು ಕೇಳಿದ.

ಅಪ್ಪ ಕರೆದ, ಓಡಿದೆ. ಗಾಯಗೊಂಡಾಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಿರುಗಿ ಗದಗಿನ ದವಾಖಾನೆಗೆ ಹೋದೆವು. ಆಕೆ ಉಳಿದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ.

ಮರುದಿನ ಚಹಾ ಕೊಡಲು ಹೋದಾಗ ಗಾಡಿಯ ಕೀಲಿಕೈ ಅವನ ಅಂಗಿಯ ಕಿಸೆಯಲ್ಲಿತ್ತು.

“ಇನ್ನ ನೀ ಗಾಡಿ ಮುಟ್ಟಬ್ಯಾಡ. ಹದಿನೆಂಟ ತುಂಬ್ಲಿ, ಪರೀಕ್ಷಾ ಕೊಡು, ಆಮ್ಯಾಲ ನೋಡೂಣು.”

“ಫೌಜದಾರ್ರ ಬಿಟ್ಟಾರಲ್ಲಪಾ. ನಾ ಎಂದರ ಯಾರಿಗರ ಬಡದೀನೇನು?”

“ಆ ಹುಡುಗನೂ ನಿನ್ನಿತನಕ ಯಾರಿಗೂ ಬಡದಿದ್ದಿಲ್ಲ.”

ಹೋಗಿ ಗಾಡಿಯಿಂದ ನನ್ನ ದಿಂಬು ತಂದು ಒಳಗಿಟ್ಟೆ.

ಬೆಟಗೇರಿಯಿಂದ ಒಬ್ಬ ಡ್ರೈವರ್ ಬಂದರು. ನಡುವಯಸ್ಸಿನ ಮುಸಲ್ಮಾನರು, ಸೌಮ್ಯ ಮನುಷ್ಯ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನಗೆ ಅಕ್ಕಾರ ಎನ್ನುತ್ತಿದ್ದರು. ಅವರ ಮೇಲೆ ಸಿಟ್ಟಾಗುವ ಮನಸ್ಸಿತ್ತು, ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಗಾಡಿ ಓಣಿ ತಿರುಗುವ ಸಪ್ಪಳ, ಊರಬಾಗಿಲ ಅಗಸಿ ದಾಟುವಾಗಿನ ಹಾರ್ನು, ಆಮೇಲೆ ಏನೂ ಇಲ್ಲ. ಅಂಗಳ ಕಸ ಹೊಡೆದಾದ ಮೇಲೆ ಮತ್ತೊಮ್ಮೆ ಹೊಡೆಯುತ್ತಿದ್ದೆ. ಮಧ್ಯಾಹ್ನ ಒಬ್ಬಳೇ ಉಣ್ಣಲಾಗದೆ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ಕೂಡುತ್ತಿದ್ದೆ, ದಾರಿಯಲ್ಲಿ ಹೋಗುವ ಯಾರಾದರೂ ‘ಉಂಡ್ಯೇನವಾ’ ಎಂದು ಕೇಳಲಿ ಎಂದು. ಯಾರಾದರೂ ಕೇಳುತ್ತಿದ್ದರು. ಕೇಳಿ ಮುಂದೆ ಹೋಗುತ್ತಿದ್ದರು.

ಒಂದು ಸಂಜೆ ಅಪ್ಪ ಒಳಗೆ ಕೈಕಾಲು ತೊಳೆಯುತ್ತಿದ್ದ. ಚಾಚಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಹೇಳಿದರು:

“ಅಕ್ಕಾರ, ನಿಮ್ಮವ್ವಾರು ಹೊಳಿಗೆ ಭಾಳ ಅಂಜ್ತಿದ್ರಂತಲ್ರಿ? ಮದಿವ್ಯಾಗಿ ಬರೂ ಮುಂದ ಕೊರ್ಲಹಳ್ಳಿಗೆ ಹರಗೋಲದಾಗ ದಾಟೂತನಕ ಕಣ್ಣ ಮುಚ್ಚಿದ್ರಂತ. ದಂಡಿಗೆ ಬಂದ ಮ್ಯಾಲೂ ತಗೀಲಿಲ್ಲಂತ. ಸಾಹೇಬ್ರ ಕೈ ಹಿಡದು ಇಳಿಸಿ, ‘ಇದು ನೆಲಾ ಐತಿ, ಕಾಲ ಊರು’ ಅಂದ್ರಂತ. ಹೇಳಿ ಹೇಳಿ ನಕ್ರು ಇವತ್ತ.”

ನನಗೆ ಇದು ಗೊತ್ತಿರಲಿಲ್ಲ. ಅವ್ವ ಹೊಳೆಯಾಚೆಯಿಂದ ಬಂದವಳೆಂದು ಗೊತ್ತಿತ್ತು, ಅಂಜುಬುರುಕಿ ಎಂದು ಗೊತ್ತಿರಲಿಲ್ಲ. ಅಪ್ಪ ನಕ್ಕಾಗ ಹೇಗೆ ಕಾಣುತ್ತಾನೆಂಬುದೂ ಗೊತ್ತಿರಲಿಲ್ಲ.

“ಹೌದ್ರಿ ಚಾಚಾ, ಕೇಳೇನಿ” ಎಂದು ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದೆ. ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ನನ್ನ ಅವ್ವನನ್ನು ಬೇರೆಯವರ ಬಾಯಿಂದ ಕೇಳಬೇಕಾಯಿತಲ್ಲ ಎಂಬ ಸಂಕಟ ಒಂದು ಕಡೆ, ನಾಳೆ ಇನ್ನೇನು ತರುತ್ತಾರೋ ಎಂಬ ಆಸೆ ಇನ್ನೊಂದು ಕಡೆ. ಚಾಚಾ ತಂದರು ಕೂಡ. ಅವ್ವ ಹಾಡುತ್ತಿದ್ದದ್ದು, ರೊಟ್ಟಿಗೆ ಹಚ್ಚಿಕೊಳ್ಳುವ ಮೆಣಸಿನಕಾಯಿ ಹಿಂಡಿಯ ಮೇಲೆ ಅವಳಿಗಿದ್ದ ಜೀವ. ಎಲ್ಲಕ್ಕೂ ‘ಕೇಳೇನಿ’ ಎಂದೆ.

ಹದಿನೆಂಟು ತುಂಬಿದ್ದನ್ನು ಅಪ್ಪನೇ ನೆನಪಿಸಿದ. ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರದ ಹಲಗೆ ಕಟ್ಟಿ, ಚಾಚಾ ಪಕ್ಕದಲ್ಲಿ ಕೂತು, ಬರುತ್ತಿದ್ದ ವಿದ್ಯೆಯನ್ನೇ ಹೊಸದಾಗಿ ಕಲಿತೆ. ಪರೀಕ್ಷೆ ಬೆಟಗೇರಿಯ ಹತ್ತಿರ. ಧಾರವಾಡದಿಂದ ಬಂದ ಇನ್‌ಸ್ಪೆಕ್ಟರರು ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಿದರು, ಕೈಸನ್ನೆ ಮಾಡಿಸಿದರು, ನಿಂತ ಎತ್ತಿನ ಚಕ್ಕಡಿಗೂ ಗೋಡೆಗೂ ನಡುವೆ ಹಿಂದಕ್ಕೆ ಒಯ್ಯಿಸಿದರು. ಅಷ್ಟರಲ್ಲಿ ಎಮ್ಮೆಗಳು ರಸ್ತೆ ತುಂಬಿಕೊಂಡವು. ನಾನು ಗಾಡಿ ನಿಲ್ಲಿಸಿ ಕೈ ಮಡಿಲಲ್ಲಿಟ್ಟುಕೊಂಡು ಕೂತೆ.

“ಹಾರ್ನ್ ಹೊಡೀಲಿಲ್ಲ ಯಾಕ?”

“ಬೆದರಿ ಯಾರಿಗರ ಹಾಯ್ದ್ರ ಏನ್ಮಾಡೂದ್ರಿ.”

ಅವರು ಮತ್ತೇನೂ ಕೇಳದೆ ಸಹಿ ಮಾಡಿದರು.

ಚಾಚಾಗೆ ಮುಂಡರಗಿಯ ಸರ್ವಿಸ್ ಬಸ್ಸಿನಲ್ಲಿ ಕೆಲಸ ಸಿಕ್ಕಿತು. ಹೊರಟ ದಿನ ಅಪ್ಪ ಅವರನ್ನು ಅಗಸಿಯವರೆಗೆ ಕಳಿಸಿಬಂದ. ಮತ್ತೆ ನಾನೂ ಅಪ್ಪನೂ ಇಬ್ಬರೇ. ಇದಕ್ಕಾಗಿಯೇ ಕಾದಿದ್ದೆ. ಆದರೆ ಅಪ್ಪ ಮೊದಲಿನಂತೆ ಮಾತಾಡಲಿಲ್ಲ. ರೋಗಿಯ ಸುದ್ದಿ, ದಾರಿಯ ಸುದ್ದಿ, ಅಷ್ಟೆ. ಅವನ ಮಾತೆಲ್ಲ ಮುಂಡರಗಿಗೆ ಹೋಗಿಬಿಟ್ಟಂತೆ ಅನಿಸಿತು. ನಾಗಾವಿಯಿಂದ ಬರುವಾಗ ಒಂದು ದಿನ ತಡೆಯಲಾಗದೆ ಕೇಳಿದೆ.

“ಅಪ್ಪಾ, ಅವ್ವ ಹರಗೋಲದಾಗ ಕಣ್ಣ ಮುಚ್ಚಿ ಕುಂತಿದ್ಲಂತ, ಖರೇನ?”

ಅವನು ಹೊಲದ ಕಡೆ ತಿರುಗಿದ.

“ಯಾರ ಹೇಳಿದ್ರು?”

“ಚಾಚಾ.”

ಬಹಳ ದೂರ ಹೋದ ಮೇಲೆ ಅಂದ: “ಅಂವಗ ಹೇಳೂದು ಹಗರ ಆಗ್ತಿತ್ತು. ಅಂವ ಆಕೀನ್ನ ನೋಡಿದ್ದಿಲ್ಲ. ನೀ ಆಕಿ ಇದ್ದಂಗ ಅದಿ, ಮಗಳ. ಆಕೀ ಮುಂದ ಆಕೀ ಸುದ್ದಿ ಹ್ಯಾಂಗ ಹೇಳ್ಲಿ?”

ಕಣ್ಣು ಒರೆಸಿಕೊಳ್ಳಲು ಸ್ಟೇರಿಂಗಿನಿಂದ ಕೈ ತೆಗೆಯುವಂತಿರಲಿಲ್ಲ. ಗಾಡಿ ಹೊಡೆಯುತ್ತಲೇ ಇದ್ದೆ. ಆಮೇಲೂ ಅಪ್ಪ ಅವ್ವನ ಸುದ್ದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಸುಮ್ಮನೆ ಕೂತವನ ಪಕ್ಕ ಸುಮ್ಮನೆ ಕೂಡುವುದು ಮೊದಲಿನಷ್ಟು ಕಠಿಣವಾಗಲಿಲ್ಲ.

ಏಕೀಕರಣಕ್ಕೆ ಮೊದಲೇ ಅಪ್ಪ ತೀರಿಕೊಂಡ. ಗಾಡಿ ಮಾರಿಬಿಟ್ಟು, ನಾನು ಗದಗಿನಲ್ಲಿ ಕೋಣೆ ಹಿಡಿದು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸತೊಡಗಿದೆ, ಊರಿಗೆಲ್ಲ ‘ಬಾಯಾರು’ ಆದೆ. ಶಾಲೆಗೆ ನಡೆದೇ ಹೋಗುತ್ತಿದ್ದೆ. ನಮ್ಮ ಕಡೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಲೈಸನ್ಸಿನ ಅವಧಿ ಮುಗಿದಾಗ ಅದನ್ನು ನವೀಕರಿಸಲು ಕಚೇರಿಗೆ ಹೋದೆ. ಗುಮಾಸ್ತ ಮುದ್ರೆ ಕೈಯಲ್ಲಿ ಹಿಡಿದು ಕೇಳಿದ:

“ಯಾವ ಗಾಡಿ ಐತ್ರೀ ಬಾಯಾರ ನಿಮ್ಮದು?”

“ಗಾಡಿ ಇಲ್ಲ.”

“ಮತ್ತ ಇದು ಯಾಕ್ರೀ?”

“ಇರ್ಲಿ, ಶಿಕ್ಕಾ ಹೊಡೀರಿ” ಎಂದೆ.