ಬಾಯಿ ತೆರೆಯದ ಚಾಂದನಿ

ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾ ನಿಲ್ಲಿಸುವವರಲ್ಲಿ ಮಕಬೂಲಸಾಬನಷ್ಟು ಮಾತು ಕಡಿಮೆಯವನು ಇನ್ನೊಬ್ಬನಿರಲಿಲ್ಲ. ಬೇರೆಯವರು ಗಿರಾಕಿಯ ಕೈಯಿಂದ ಟ್ರಂಕು ಕಿತ್ತುಕೊಂಡು ಓಡುತ್ತಿದ್ದರೆ ಇವನು ತನ್ನ ತಟ್ಟುಕುದುರೆಯ ಕಿವಿಯ ಹಿಂದೆ ತುರಿಸುತ್ತ ನಿಂತಿರುತ್ತಿದ್ದ. ಇಂಥವನು ಹೊಟ್ಟೆ ಹೊರೆದದ್ದೇ ದೊಡ್ಡದು. ಮೂಲ ಅಮ್ಮಿನಬಾವಿಯವನು. ಹದಿನೈದು ವರ್ಷ ಕಂಡವರ ಟಾಂಗಾ ಹೊಡೆದು, ೧೯೫೯ರಲ್ಲಿ ಸ್ವಂತಕ್ಕೊಂದು ಹಳೇ ಟಾಂಗಾ ಮತ್ತು ಬಿಳಿ ಹೆಣ್ಣು ತಟ್ಟನ್ನು ಮಾಡಿಕೊಂಡ. ಹೆಂಡತಿ ತಾಜಬಿ ಅದಕ್ಕೆ ಚಾಂದನಿ ಎಂದು ಹೆಸರಿಟ್ಟಳು. ಮಕ್ಕಳಿಲ್ಲದ ಮನೆ, ಹೆಸರಿಡಲು ಅವಳಿಗೆ ಸಿಕ್ಕಿದ್ದು ಅದೊಂದೇ.

ಹಿಂದಿನ ಮಾಲೀಕ ಎಂಥ ಕಟುಕನೋ, ಚಾಂದನಿಯ ಬಾಯಿಯನ್ನು ಹಾಳುಗೆಡವಿದ್ದ. ಕಡಿವಾಣದ ಕಬ್ಬಿಣ ಉಜ್ಜಿ ಉಜ್ಜಿ ನಾಲಗೆ ಅರ್ಧ ಸೀಳಿತ್ತು, ಕಟಬಾಯಿ ಹುಣ್ಣಾಗಿತ್ತು. ಲಗಾಮು ಎಳೆದರೆ ನೊರೆಯ ಜೊತೆ ರಕ್ತ ಬರುತ್ತಿತ್ತು. ಟಾಂಗಾದವರಲ್ಲಿ ಒಂದು ರೂಢಿ ಇತ್ತು: ಅಂಗೈಯಲ್ಲಿ ಬೆಲ್ಲ ಹಿಡಿಯುವುದು, ಕುದುರೆ ಬಾಯಿ ತೆರೆದೊಡನೆ ಬೆಲ್ಲದ ಹಿಂದೆಯೇ ಕಬ್ಬಿಣ ತೂರಿಸುವುದು. ಈ ಆಟವನ್ನು ಚಾಂದನಿ ಎಂದೋ ಅರಿತಿದ್ದಳು. ಬೆಲ್ಲ ಕಂಡರೆ ಮುಖ ತಿರುಗಿಸುತ್ತಿದ್ದಳು. ಮಕಬೂಲಸಾಬ ದಿನಾ ಹೆಬ್ಬೆರಳು ತೂರಿಸಿ ಬಾಯಿ ಬಿಡಿಸುತ್ತಿದ್ದ, ಆಮೇಲೆ ಅವಳ ಕಣ್ಣು ತಪ್ಪಿಸುತ್ತಿದ್ದ.

ನೀರಿಗೆ ಹೋಗುವಾಗ ಮಾತ್ರ ಅವಳು ಮುಖಕ್ಕೆ ಕಟ್ಟಿದ ಬರೀ ಹಗ್ಗದ ಮೇಲೆ ತೆಪ್ಪಗೆ ಬರುತ್ತಿದ್ದಳು. ಇದನ್ನು ನೋಡಿ ನೋಡಿ ಒಂದು ದಿನ ಅವನು ಕುದುರೆ ಸಾಮಾನು ಹೊಲಿಯುವ ಉಡಚಪ್ಪನ ಹತ್ತಿರ ಹೋದ.

"ಕಡಿವಾಣ ಇಲ್ಲದ ಲಗಾಮು ಹೊಲಿದು ಕೊಡು, ಉಡಚಪ್ಪಾ. ಬಾಯಾಗ ಕಬ್ಬಿಣ ಬ್ಯಾಡ. ಮೂಗಿನ ಮ್ಯಾಲ ತೊಗಲಿನ ಪಟ್ಟಿ ಬರಲಿ."

"ತಲಿ ನೆಟ್ಟಗೈತೇನ ನಿನಗ? ದುರ್ಗದಬೈಲಿನ ಗದ್ದಲದಾಗ ಓಡಿ ಹ್ವಾದ್ರ ಯಾತರ್ಲೆ ಹಿಡೀತಿ?"

"ಓಡೂದಿಲ್ಲ. ಆಕಿ ಓಡೂದು ಕಬ್ಬಿಣಕ್ಕ ಹೆದರಿ."

ಬೈಯುತ್ತಲೇ ಉಡಚಪ್ಪ ಹೊಲಿದುಕೊಟ್ಟ. ಪಟ್ಟಿಯ ಒಳಗೆ ಕಂಬಳಿಯ ತುಂಡು, ಕೆನ್ನೆಯ ಎರಡೂ ಬದಿಗೆ ಲಗಾಮು ಕಟ್ಟಲು ಒಂದೊಂದು ಬಳೆ. ಮೊದಲ ವಾರ ಎಡಕ್ಕೆ ಎಳೆದರೆ ಚಾಂದನಿ ಬಲಕ್ಕೆ ಹೋಗುತ್ತಿದ್ದಳು. ಒಮ್ಮೆ ಬಳೆ ಅಂಗಡಿಯ ಕಟ್ಟೆಗೇ ಮುಖ ಇಟ್ಟಳು. ಸ್ಟೇಶನ್ನಿನ ಟಾಂಗಾದವರಿಗೆ ನಗಲು ಅಷ್ಟೇ ಸಾಕಾಯಿತು. ಮಕಬೂಲಸಾಬ ಕಿವಿಗೆ ಹಾಕಿಕೊಳ್ಳದೆ ಗೋಕುಲ ರಸ್ತೆಯ ಖಾಲಿ ಬಯಲಲ್ಲಿ ದಿನಾ ತಿರುಗಿಸಿ ತಿರುಗಿಸಿ ಕಲಿಸಿದ. ಹುಣ್ಣು ಒಣಗಿತು. ನಾಲ್ಕು ತಿಂಗಳ ಮೇಲೆ ಒಂದು ಮುಂಜಾನೆ ಅವಳು ತಾನಾಗಿ ಬಂದು ಅವನ ಅಂಗೈಯಿಂದ ಬೆಲ್ಲ ತಿಂದಳು. ನಲವತ್ತು ದಾಟಿದ ಗಂಡಸು ಅದನ್ನು ತಾಜಬಿಗೆ ಹೇಳಲು ಅಡುಗೆಮನೆಗೆ ಓಡಿದ. ಅವನ ಬಾಳಿನಲ್ಲಿ ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ.

ಬೇಸಗೆಯಲ್ಲಿ ಟಾಂಗಾಗಳ ಪಾಸಿಂಗ್, ಅಂದರೆ ಪರವಾನಗಿಯ ತಪಾಸಣೆ, ಬಂತು. ಪಾಸಾಗದಿದ್ದರೆ ಟಾಂಗಾ ಮನೆಯಲ್ಲೇ. ತಪಾಸಣೆಯ ಸಾಹೇಬರು ಕೆಟ್ಟವರೇನಲ್ಲ, ಚಾಂದನಿಯ ಮೈ ಸವರಿ ಛಲೋ ಇದೆ ಎಂದರು. ಆಮೇಲೆ ಬಾಯಿ ನೋಡಿದರು.

"ಕಡಿವಾಣ ಎಲ್ಲೈತಿ?"

"ಹಾಕೂದಿಲ್ರಿ ಸಾಹೇಬ್ರ. ಬಾಯಿ ಹುಣ್ಣಾಗಿತ್ರಿ. ಹಿಂಗ ಛಲೋ ನಡೀತಾಳ್ರಿ."

"ಅದೆಲ್ಲಾ ನಡಿಯೂದಿಲ್ಲಪಾ. ನಾಳೆ ಹಾಕ್ಕೊಂಡು ಬಾ."

ಮನೆಗೆ ಬಂದು ಹೇಳಿದಾಗ ತಾಜಬಿ ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟಳು.

"ಹಾಕೂದಾದ್ರ ಮೊದಲಿನಂಗ ಹೆಬ್ಬಟ್ಟ ತೂರಿಸಿ ಹಾಕ್ರಿ. ಕಚ್ಚಿದ್ರ ಕಚ್ಚಲಿ. ಬೆಲ್ಲ ಮಾತ್ರ ತೋರಸಬ್ಯಾಡ್ರಿ."

"ಜಗ್ಗಾಡಿದ್ರ ಮತ್ತ ಹುಣ್ಣ ಆಗ್ತೈತಿ. ಒಂದು ತಾಸಿನ ಮಾತು. ಆಕಿಗೆ ಗೊತ್ತೂ ಆಗೂದಿಲ್ಲ."

ಮರುದಿನ, ನೋವಾಗಬಾರದೆಂದೇ ಅವನು ಬೆಲ್ಲ ಹಿಡಿದ. ಚಾಂದನಿ ಅನುಮಾನವಿಲ್ಲದೆ ಬಾಯಿ ತುಂಬ ತೆರೆದಳು. ಕಬ್ಬಿಣ ಸಲೀಸಾಗಿ ಒಳಗೆ ಹೋಯಿತು. ಸಾಹೇಬರ ಮುಂದೆ ಅವಳು ಅಲುಗಾಡದೆ ನಿಂತಳು, ಒಂದು ಹನಿ ರಕ್ತ ಬರಲಿಲ್ಲ, ಪಾಸಾದ ಕಾಗದ ಸಿಕ್ಕಿತು. ಗೇಟು ದಾಟಿದ್ದೇ ಕಡಿವಾಣ ಬಿಚ್ಚಿ ಮಕಬೂಲಸಾಬ ಇನ್ನೊಂದು ತುಂಡು ಬೆಲ್ಲ ಚಾಚಿದ. ಅವಳು ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಅಂದಿನಿಂದ ಅವನ ಕೈ ಹತ್ತಿರವಿದ್ದರೆ ಹುಲ್ಲನ್ನೂ ಮುಟ್ಟುತ್ತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಹಸಿ ಮೇವು ತಿಂದು ಚಾಂದನಿಗೆ ಹೊಟ್ಟೆ ಉಬ್ಬರಿಸಿತು. ಮೈಯೆಲ್ಲ ಬೆವರು, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಿದ್ದಳು. ದನದ ದವಾಖಾನೆಯ ಕಂಪೌಂಡರ್ ಔಷಧದ ಸೀಸೆ ಕೊಟ್ಟು, ಲಗೂ ಹೊಟ್ಟೆ ಸೇರಬೇಕು ಎಂದ. ಮಕಬೂಲಸಾಬ ಅದನ್ನು ಕುಡಿಸುವ ಬಿದಿರಿನ ಗೊಟ್ಟಕ್ಕೆ ತುಂಬಿ ಅವಳ ಮೂತಿಯ ಹತ್ತಿರ ಹಿಡಿದ. ಚಾಂದನಿ ಹಲ್ಲು ಕಚ್ಚಿದಳು.

"ಬಾಯಿ ತಗೀಯವ್ವಾ. ಕಬ್ಬಿಣ ಅಲ್ಲ, ಔಷಧ ಐತಿ. ನನ್ನವ್ವಾ, ತಗೀ."

ತಾಜಬಿಯೂ ಬೇಡಿಕೊಂಡಳು. ಆಗಲಿಲ್ಲ. ಹೆಬ್ಬೆರಳು ತೂರಿಸಲು ಮಕಬೂಲಸಾಬನಿಗೆ ಮನಸ್ಸು ಬರಲಿಲ್ಲ. ಸುದ್ದಿ ಕೇಳಿ ಬಂದ ಉಡಚಪ್ಪ ಹಗ್ಗ ತೆಗೆದ.

"ಮ್ಯಾಲಿನ ದವಡಿಗೆ ಹಗ್ಗ ಹಾಕಿ ಎತ್ತೂಣು, ಆ ಕಡೆ ಸರಿ."

"ಬ್ಯಾಡೋ. ತಾನ ತಗೀತಾಳ. ಮೊದಲ ತಗೀತಿದ್ಲು, ನೀನೂ ನೋಡೀಯಲ್ಲ."

ಹೀಗೆ ಎರಡು ತಾಸು ಹೋಯಿತು. ಹಗ್ಗ ಹಾಕು ಎಂದು ಅವನು ಕೊನೆಗೆ ಹೇಳುವ ಹೊತ್ತಿಗೆ ಚಾಂದನಿ ನೆಲ ಹಿಡಿದಿದ್ದಳು. ಒಳಗೆ ಹೋದದ್ದಕ್ಕಿಂತ ಮಣ್ಣಿಗೆ ಚೆಲ್ಲಿದ ಔಷಧವೇ ಹೆಚ್ಚು. ಇಳಿಹೊತ್ತಿನಲ್ಲಿ ಪ್ರಾಣ ಹೋಯಿತು. ದವಡೆ ಸಡಿಲಾಗಿ ಬಾಯಿ ತಾನಾಗಿ ತೆರೆದುಕೊಂಡಿತು. ಮಕಬೂಲಸಾಬ ಬಗ್ಗಿ ಒಳಗೆ ನೋಡಿದ.

ಆಮೇಲೆ ಅವನು ಟಾಂಗಾ ಹೊಡೆಯಲಿಲ್ಲ. ಗೋಕುಲ ರಸ್ತೆಯ ಕಾರಖಾನೆಯೊಂದರ ಬಾಗಿಲು ಕಾಯುತ್ತ ಮುದುಕನಾದ. ಆ ಕಾರಖಾನೆ ಎದ್ದಿದ್ದು ಅವನು ಅವಳಿಗೆ ಕಲಿಸಿದ ಬಯಲಿನಲ್ಲೇ. ಯಾರಾದರೂ ಚಾಂದನಿಯ ಸುದ್ದಿ ತೆಗೆದರೆ ಹೇಳುತ್ತಿದ್ದದ್ದು ಒಂದೇ ಮಾತು.

"ನಾಲಿಗಿ ಪೂರಾ ಮಾಯ್ದಿತ್ರಿ. ಖರೇನ ಮಾಯ್ದಿತ್ತು. ನಾ ಕಣ್ಣಾರೆ ನೋಡೇನಿ."